ಫಾರ್ಮುಲಾಗಿಂತ ಮೊದಲು ಕಾಲಂ: ಪವರ್ ಬಿಐ ಜೊತೆ ನನ್ನ ಅನುಭವ

ಯಶವಂತಪುರದ ಹತ್ತಿರ ಇರುವ ಒಂದು ಸಗಟು ವ್ಯಾಪಾರದ ಆಫೀಸಿನಲ್ಲಿ ರಿಪೋರ್ಟ್ ಮಾಡುವ ಕೆಲಸ ನನ್ನದು. ಕಾಫಿ ಪುಡಿ, ಟೀ, ಮೆಣಸು, ಏಲಕ್ಕಿ ನಮ್ಮ ಸರಕು. ಬಿಲ್ಲಿನ ಲೆಕ್ಕ ಒಂದು ಸಾಫ್ಟ್‌ವೇರ್‌ನಲ್ಲಿ ಇದೆ, ಸ್ಟಾಕ್ ಎಕ್ಸೆಲ್‌ನಲ್ಲಿ ಇದೆ. ಎರಡನ್ನೂ ಪವರ್ ಬಿಐಗೆ (ಡೇಟಾದಿಂದ ರಿಪೋರ್ಟ್, ಚಾರ್ಟ್ ಮಾಡುವ ಸಾಫ್ಟ್‌ವೇರ್) ತಂದು ಸೇರಿಸುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು "ಡ್ಯಾಕ್ಸ್ ಫಾರ್ಮುಲಾ ಹೇಳಿಕೊಡಿ ಸರ್" ಅಂತ ಬರುತ್ತಾರೆ. ಡ್ಯಾಕ್ಸ್ ಅಂದರೆ ಪವರ್ ಬಿಐನಲ್ಲಿ ಫಾರ್ಮುಲಾ ಬರೆಯುವ ಭಾಷೆ. ನಾನು ಅವರಿಗೆ ಮೊದಲು ತೋರಿಸುವುದು ಕಾಲಂ ಹೆಸರಿನ ಪಕ್ಕದಲ್ಲಿರುವ ಪುಟ್ಟ ಗುರುತು. ಆ ಕಾಲಂನ ಟೈಪ್, ಅಂದರೆ ಅದರಲ್ಲಿ ಯಾವ ಬಗೆಯ ಡೇಟಾ ಇದೆ ಅಂತ ಅದು ಹೇಳುತ್ತದೆ. 123 ಅಂತಿದ್ದರೆ ಪೂರ್ಣ ಸಂಖ್ಯೆ, 1.2 ಅಂತಿದ್ದರೆ ದಶಮಾಂಶ, ಎಬಿಸಿ ಅಂತಿದ್ದರೆ ಪಠ್ಯ, ಕ್ಯಾಲೆಂಡರ್ ಇದ್ದರೆ ದಿನಾಂಕ. ಆ ಗುರುತು ಸರಿ ಇಲ್ಲದಿದ್ದರೆ ಎಷ್ಟೇ ಚೆನ್ನಾದ ಫಾರ್ಮುಲಾ ಬರೆದರೂ ಉಪಯೋಗ ಇಲ್ಲ.

ಅಂಕಿಯಲ್ಲಿ ಬರೆದಿದ್ದೆಲ್ಲ ಸಂಖ್ಯೆ ಅಲ್ಲ. ಯಾವ ಕಾಲಂ ಬಂದರೂ ನಾನು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದನ್ನು ಕೂಡಿಸಿದರೆ ಏನಾದರೂ ಅರ್ಥ ಬರುತ್ತಾ? ಯಶವಂತಪುರದ ಪಿನ್ 560022, ರಾಜಾಜಿನಗರದ್ದು 560010. ಇವೆರಡನ್ನು ಕೂಡಿಸಿ ಯಾರಿಗೆ ಏನಾಗಬೇಕು? ಹಾಗಾಗಿ ಪಿನ್ ಪಠ್ಯ. ಫೋನ್ ನಂಬರ್, ಬಿಲ್ ನಂಬರ್, ಬ್ಯಾಂಕ್ ಖಾತೆ ಕೂಡ ಪಠ್ಯವೇ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಯವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ನಂಬರನ್ನು ಸಂಖ್ಯೆ ಅಂತ ಹಾಕಿದರೆ ಕೊನೆಯ ಅಂಕಿ ಸೊನ್ನೆ ಆಗಿಬಿಡುತ್ತದೆ.

ನಮ್ಮ ಸರಕಿಗಂತೂ ಇದು ದಿನಾ ಎದುರಾಗುವ ವಿಷಯ. ಜಿಎಸ್‌ಟಿಯಲ್ಲಿ ಸರಕನ್ನು ಗುರುತಿಸುವ ಎಚ್‌ಎಸ್‌ಎನ್ ಕೋಡ್‌ನಲ್ಲಿ ಕಾಫಿ 0901, ಟೀ 0902, ಮೆಣಸು 0904, ಏಲಕ್ಕಿ 0908. ಎಲ್ಲವೂ ಸೊನ್ನೆಯಿಂದಲೇ ಶುರು. ಫೈಲ್ ತಂದ ಕೂಡಲೇ ಪವರ್ ಕ್ವೆರಿ (ಪವರ್ ಬಿಐನಲ್ಲಿ ಡೇಟಾ ತಂದು ಸರಿಪಡಿಸುವ ಭಾಗ) ತಾನಾಗಿಯೇ 'ಚೇಂಜ್ಡ್ ಟೈಪ್' ಅನ್ನೋ ಹಂತ ಸೇರಿಸಿ ಇವನ್ನು ಸಂಖ್ಯೆ ಮಾಡುತ್ತದೆ. 0901 ಹೋಗಿ 901 ಆಗುತ್ತದೆ. ಆಮೇಲೆ ಕೋಡ್‌ಗಳ ಪಟ್ಟಿಯ ಜೊತೆ ಹೊಂದಿಸಲು ಹೋದರೆ ಒಂದೂ ಹೊಂದುವುದಿಲ್ಲ. ನೀವು ಟೈಪ್ ಬದಲಿಸಿ ಪಠ್ಯ ಅಂದಾಗ, ಈಗಿನ ಹಂತವನ್ನೇ ಬದಲಿಸಲಾ, ಹೊಸ ಹಂತ ಸೇರಿಸಲಾ ಅಂತ ಅದು ಕೇಳುತ್ತದೆ. ಇಲ್ಲಿ 'ರಿಪ್ಲೇಸ್ ಕರೆಂಟ್' ಅನ್ನೋದನ್ನೇ ಒತ್ತಿ. ಹೊಸ ಹಂತ ಸೇರಿಸಿದರೆ ಸೊನ್ನೆ ಹೋದ 901 ಪಠ್ಯ ಆಗುತ್ತದೆ ಅಷ್ಟೆ, ಸೊನ್ನೆ ವಾಪಸ್ ಬರುವುದಿಲ್ಲ. ಇನ್ನೊಂದು ಮಾತು. ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಪಠ್ಯದ ಫೈಲ್) "ಸುಮ್ನೆ ಒಂದ್ಸಲ ನೋಡೋಣ" ಅಂತ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಸೊನ್ನೆ ಅಲ್ಲೇ ಹೋಗಿಬಿಡಬಹುದು.

ದಿನಾಂಕದ ವಿಷಯದಲ್ಲಿ ನಾನು ಇನ್ನೂ ಜಾಸ್ತಿ ಹುಷಾರಾಗಿರುತ್ತೇನೆ. 04-07-2024 ಅಂದರೆ ನಮಗೆ ಜುಲೈ 4. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್‌ಗೆ ಅದು ಏಪ್ರಿಲ್ 7. ನಮ್ಮ ಲೆಕ್ಕದ ವರ್ಷದ ಎರಡನೇ ತ್ರೈಮಾಸಿಕದ ಬಿಲ್ ಮೊದಲನೇದಕ್ಕೆ ಹೋಗಿ ಕೂರುತ್ತದೆ. 13ನೇ ತಾರೀಖಿನಿಂದ ಮುಂದಿನ ಸಾಲುಗಳಲ್ಲಿ ಎರರ್ ಬರುತ್ತದೆ, ಏಕೆಂದರೆ 13ನೇ ತಿಂಗಳು ಇಲ್ಲವಲ್ಲ. 1ರಿಂದ 12ರವರೆಗಿನವು ಮಾತ್ರ ಯಾವ ಸದ್ದೂ ಇಲ್ಲದೆ ತಪ್ಪಾಗಿ ಒಳಗೆ ಬರುತ್ತವೆ. ಎರರ್ ಬಂದ ಸಾಲುಗಳನ್ನು ಅಳಿಸಿ ಮುಂದೆ ಹೋಗುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಎಚ್ಚರಿಕೆ ಕೊಟ್ಟ ಸಾಲುಗಳು ಹೋದವು, ತಪ್ಪು ಸಾಲುಗಳು ಉಳಿದವು. ಪರಿಹಾರ ಸುಲಭ. ಟೈಪ್ ಬದಲಿಸುವಾಗ 'ಯೂಸಿಂಗ್ ಲೊಕೇಲ್' (ಯಾವ ದೇಶದ ಕ್ರಮದಲ್ಲಿ ಓದಬೇಕು ಅನ್ನೋದು) ಆರಿಸಿ, ಇಂಗ್ಲಿಷ್ (ಇಂಡಿಯಾ) ಕೊಡಿ.

ಇಷ್ಟಾದ ಮೇಲೆ ಫಾರ್ಮುಲಾ ಶುರು ಮಾಡುತ್ತೇನೆ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ನಮ್ಮ ರಾಜ್ಯದ ಗಿರಾಕಿಗಳನ್ನು ಬೇರೆ ಮಾಡಲು ಲೆಫ್ಟ್ ಫಂಕ್ಷನ್ ಹಾಕಿ ಮೊದಲ ಎರಡು ಅಕ್ಷರ ತೆಗೆದು 29ಕ್ಕೆ ಹೋಲಿಸುತ್ತೇವೆ. ಹೊಸಬರು ಬರೀ 29 ಅಂತ ಬರೆಯುತ್ತಾರೆ. ಪಠ್ಯವನ್ನು ಸಂಖ್ಯೆಗೆ ಹೋಲಿಸಲು ಆಗಲ್ಲ ಅಂತ ಡ್ಯಾಕ್ಸ್ ಎರರ್ ಕೊಡುತ್ತದೆ. ಲೆಫ್ಟ್ ಯಾವಾಗಲೂ ಪಠ್ಯವನ್ನೇ ಕೊಡುತ್ತದೆ, ಹಾಗಾಗಿ 29ನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಈ ಒಂದು ಎರರ್ ಅರ್ಥ ಆದವರಿಗೆ ಮುಂದಿನ ದಾರಿ ತುಂಬಾ ಸಲೀಸು. ಪ್ರತಿ ಫಂಕ್ಷನ್‌ಗೂ ಏನು ಕೊಡುತ್ತೇನೆ, ಅದರಿಂದ ಏನು ಬರುತ್ತದೆ ಅಂತ ಅವರೇ ಕೇಳಿಕೊಳ್ಳಲು ಶುರು ಮಾಡುತ್ತಾರೆ. ಫಾರ್ಮ್ಯಾಟ್ ಫಂಕ್ಷನ್ ಕೂಡ ಹಾಗೇ. ತಿಂಗಳ ಹೆಸರು ಚೆನ್ನಾಗಿ ಕಾಣಲಿ ಅಂತ ಹಾಕಿದರೆ ಪಠ್ಯ ಬರುತ್ತದೆ, ಚಾರ್ಟ್‌ನಲ್ಲಿ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಏಪ್ರಿಲ್ ಆದಮೇಲೆ ಆಗಸ್ಟ್ ಬಂದು ನಿಲ್ಲುತ್ತದೆ. ನಮ್ಮ ಲೆಕ್ಕದ ವರ್ಷ ಏಪ್ರಿಲ್‌ನಿಂದ ಅಲ್ವಾ? ಅದಕ್ಕೆ ಇನ್ನೊಂದು ಕಾಲಂ ಬೇಕು. ತಿಂಗಳು 4 ಅಥವಾ ಹೆಚ್ಚಿದ್ದರೆ 3 ಕಳೆಯಿರಿ, ಇಲ್ಲದಿದ್ದರೆ 9 ಕೂಡಿಸಿ. ಏಪ್ರಿಲ್ 1 ಆಗುತ್ತದೆ, ಮಾರ್ಚ್ 12 ಆಗುತ್ತದೆ. ತಿಂಗಳ ಹೆಸರಿಗೆ 'ಸಾರ್ಟ್ ಬೈ ಕಾಲಂ' ಅಂತ ಇದನ್ನು ಕೊಡಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೂತು ವಿವರಿಸುವುದು ಕ್ಯಾಲ್ಕುಲೇಟೆಡ್ ಕಾಲಂಗೂ ಮೆಷರ್‌ಗೂ ಇರುವ ವ್ಯತ್ಯಾಸ. ಕಾಲಂನ ಲೆಕ್ಕ ಡೇಟಾ ರಿಫ್ರೆಶ್ ಆದಾಗ ಸಾಲು ಸಾಲಾಗಿ ನಡೆದು, ಹಾಗೇ ಉಳಿದುಕೊಳ್ಳುತ್ತದೆ. ಮೆಷರ್‌ನ ಲೆಕ್ಕ, ನೀವು ಯಾವ ತಿಂಗಳು, ಯಾವ ಏರಿಯಾ ಆರಿಸಿದ್ದೀರೋ ಅದಕ್ಕೆ ತಕ್ಕಂತೆ ಆ ಕ್ಷಣದಲ್ಲಿ ನಡೆಯುತ್ತದೆ. ಲಾಭದ ಶೇಕಡಾ ತೆಗೆದುಕೊಳ್ಳಿ. ಒಂದು ಬಿಲ್ 1,000 ರೂಪಾಯಿದು, ಲಾಭ 300, ಅಂದರೆ ಶೇ 30. ಇನ್ನೊಂದು 99,000ದ್ದು, ಲಾಭ 9,900, ಅಂದರೆ ಶೇ 10. ಶೇಕಡಾವನ್ನು ಕಾಲಂನಲ್ಲಿ ಇಟ್ಟು ಸರಾಸರಿ ತೆಗೆದರೆ ಶೇ 20 ಬರುತ್ತದೆ. ಒಟ್ಟು ಲಾಭ 10,200, ಒಟ್ಟು ಮಾರಾಟ 1,00,000, ನಿಜವಾದ ಲಾಭ ಶೇ 10.2. ಶೇ 20 ನಂಬಿ ಮಾಲೀಕರು ರಿಯಾಯಿತಿ ಕೊಟ್ಟರೆ ಕೈಯಿಂದ ದುಡ್ಡು ಹೋಗುತ್ತದೆ. ಅದಕ್ಕೇ ಶೇಕಡಾ ಯಾವತ್ತೂ ಮೆಷರ್‌ನಲ್ಲೇ: ಮೊದಲು ಎರಡನ್ನೂ ಕೂಡಿಸಿ, ಆಮೇಲೆ ಭಾಗಿಸಿ. ಭಾಗಿಸಲು ಓರೆಗೆರೆ ಬದಲು ಡಿವೈಡ್ ಫಂಕ್ಷನ್ ಹಾಕಿ. ಕೆಳಗೆ ಸೊನ್ನೆ ಬಂದರೆ ಅದು ಖಾಲಿ ಬಿಡುತ್ತದೆ.

ಖಾಲಿಯೂ ಸೊನ್ನೆಯೂ ಒಂದೇ ಅಲ್ಲ ಅನ್ನೋದನ್ನು ಇಲ್ಲೇ ಹೇಳಬೇಕು. ಒಬ್ಬ ಗಿರಾಕಿ ಆರು ದಿನ ದಿನಕ್ಕೆ 500 ರೂಪಾಯಿ ಸರಕು ಕೊಂಡಿದ್ದಾರೆ, ಭಾನುವಾರ ಅಂಗಡಿ ರಜೆ ಅಂದುಕೊಳ್ಳಿ. ಭಾನುವಾರ ಖಾಲಿ ಇದ್ದರೆ ಆವರೇಜ್ ಫಂಕ್ಷನ್ ಅದನ್ನು ಬಿಟ್ಟು ಲೆಕ್ಕ ಮಾಡಿ 500 ಕೊಡುತ್ತದೆ. ಸೊನ್ನೆ ತುಂಬಿದ್ದರೆ 3,000ವನ್ನು 7ರಿಂದ ಭಾಗಿಸಿ 428.57 ಕೊಡುತ್ತದೆ. ಯಾವುದು ಸರಿ ಅಂತ ಸಾಫ್ಟ್‌ವೇರ್ ಹೇಳುವುದಿಲ್ಲ. ಸೇಲ್ಸ್‌ನವರನ್ನೇ ಕೇಳಬೇಕು.

ಹಣದ ಕಾಲಂಗೆ ನಾನು ಫಿಕ್ಸೆಡ್ ಡೆಸಿಮಲ್ ಟೈಪ್ ಕೊಡುತ್ತೇನೆ. ನಾಲ್ಕು ದಶಮಾಂಶ ಸ್ಥಾನ ಸ್ಥಿರವಾಗಿ ಇರುತ್ತದೆ, ಪೈಸೆ ಲೆಕ್ಕ ಹೊಂದುತ್ತದೆ. ಕೊನೆಗೆ, ರಿಪೋರ್ಟ್ ಕಳಿಸುವ ಮೊದಲು ಒಂದು ತಿಂಗಳು, ಒಂದು ಸರಕು ಆರಿಸಿಕೊಂಡು ಮೂಲ ಬಿಲ್‌ಗಳನ್ನು ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿ ನೋಡುತ್ತೇನೆ. ಹೊಂದದಿದ್ದರೆ ಫಾರ್ಮುಲಾ ಮುಟ್ಟುವ ಮೊದಲು ಪವರ್ ಕ್ವೆರಿಗೆ ಹೋಗಿ ಟೈಪ್‌ಗಳನ್ನು ಒಂದೊಂದಾಗಿ ನೋಡುತ್ತೇನೆ. ಬಹಳ ಸಲ ಸಿಗುವುದು ಅಲ್ಲೇ.