ಘಾಟಿ ಬಂದ್ ಆದಾಗ ದಾವಣಗೆರೆ–ಮಂಗಳೂರು ಲೋಡು: ಗೇರುಸೊಪ್ಪ ಸುತ್ತಿನ ಲೆಕ್ಕ

ಮಳೆಗಾಲದಲ್ಲಿ ಹುಲಿಕಲ್ ಘಾಟಿ ಭಾರಿ ಗಾಡಿಗೆ ಬಂದ್ ಆದಾಗ ದಾವಣಗೆರೆಯ ಅಕ್ಕಿ ಲೋಡನ್ನು ಗೇರುಸೊಪ್ಪ ಘಾಟಿಯ ಮೇಲೆ ಮಂಗಳೂರಿಗೆ ಇಳಿಸುತ್ತೇವೆ ಅಂದಾಗ ‘ಡೀಸೆಲ್ ಸುಡೋಕೆ ಹೊರಟಿದ್ದಾರೆ’ ಅಂದವರೇ ಜಾಸ್ತಿ. ಈಗ ಲೆಕ್ಕ ಕೈಯಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಹತ್ತು ಗಾಲಿ ಗಾಡಿಗಳು ತಿಂಗಳಿಗೆ ಏಳು ಟ್ರಿಪ್‌ಗೆ ಕಡಿಮೆ ಹೊಡೆದಿಲ್ಲ. ಘಾಟಿ ತೆರೆಯಲಿ ಅಂತ ಕಾದು ಕೂತವರದ್ದು ನಾಲ್ಕು ದಾಟಿಲ್ಲ.

ಎಂದಿನಂತೆ ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಹುಲಿಕಲ್ ಇಳಿದರೆ ಮಂಗಳೂರು ಸುಮಾರು 330 ಕಿ.ಮೀ. ಹೊನ್ನಾಳಿ, ಶಿಕಾರಿಪುರ, ಆನಂದಪುರ, ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪ, ಹೊನ್ನಾವರ, ಅಲ್ಲಿಂದ ಕರಾವಳಿ ಹೆದ್ದಾರಿ ಅಂದರೆ 420ರ ಆಸುಪಾಸು. ಹೆಚ್ಚುವರಿ 90. ಲೋಡ್ ಗಾಡಿ ಲೀಟರಿಗೆ ನಾಲ್ಕು ಕಿ.ಮೀ. ಕೊಟ್ಟರೆ 22–23 ಲೀಟರ್, ಎರಡು ಸಾವಿರ ರೂಪಾಯಿ. ಟೋಲ್ ಒಂದೇ ಒಂದು ಹೆಚ್ಚು, ಬೈಂದೂರಿನ ಶಿರೂರು; ಸಾಸ್ತಾನ, ಹೆಜಮಾಡಿ ಹೇಗೂ ಕಟ್ಟಲೇಬೇಕಾದವು. ಇನ್ನು ಗಾಡಿ ನಿಂತರೆ? ಸಾಲದ ಕಂತು ದಿನಕ್ಕೆ ಎರಡು ಸಾವಿರ, ಡ್ರೈವರ್–ಕ್ಲೀನರ್ ಬಾಟಾ (ದಿನಭತ್ಯೆ) ಸಾವಿರ, ವಿಮೆ–ತೆರಿಗೆ ಸೇರಿ ದಿನಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ. ಒಂದು ದಿನ ನಿಲ್ಲುವ ದುಡ್ಡಿನಲ್ಲಿ ಈ ಸುತ್ತು ಹೋಗಿ ಬರಬಹುದು. ಇಷ್ಟು ಸರಳ ಲೆಕ್ಕವನ್ನು ಯಾರೂ ಹಾಕದಿರಲು ಕಾರಣ, ಎಲ್ಲರೂ ಬಾಡಿಗೆಯನ್ನು ಕಿಲೋಮೀಟರಿಗೆ ಭಾಗಿಸುತ್ತಾರೆ, ದಿನಕ್ಕೆ ಭಾಗಿಸುವುದಿಲ್ಲ.

ಇದಕ್ಕೆ ಮುಂಚೆ ಮಾಡಿ ಕೈ ಸುಟ್ಟುಕೊಂಡದ್ದು ಮೂರು. ಮೊದಲನೆಯದು ತೀರ್ಥಹಳ್ಳಿಯಲ್ಲಿ ಲೋಡ್ ಒಡೆದು ಸಣ್ಣ ಗಾಡಿಗಳಲ್ಲಿ ಆಗುಂಬೆ ಇಳಿಸುವುದು. 19 ಟನ್ ಅಂದರೆ 26 ಕೆ.ಜಿ.ಯ 730 ಚೀಲ. ಚೀಲಕ್ಕೆ ಇಳಿಸಲು ಐದು, ಏರಿಸಲು ಐದು ಹಿಡಿದರೂ ಹಮಾಲಿಯೇ ಏಳು ಸಾವಿರ ದಾಟುತ್ತದೆ. ಮೇಲೆ ಐದು ಗಾಡಿಯ ಬಾಡಿಗೆ ಇಪ್ಪತ್ತು ಸಾವಿರಕ್ಕೆ ಕಡಿಮೆ ಇಲ್ಲ. ಮಳೆಯಲ್ಲಿ ಚೀಲ ಬದಲಾಯಿಸುವಾಗ ಹತ್ತು ಹದಿನೈದು ಚೀಲ ನೆನೆಯದೆ ಇರುವುದಿಲ್ಲ, ಖರೀದಿದಾರ ಅಷ್ಟನ್ನೂ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾನೆ. ಔಷಧಿಯಂಥ ಹಗುರ ಮಾಲಿಗೆ ಈ ಉಪಾಯ ನಡೆದೀತು, ಅಕ್ಕಿಗೆ ಇಲ್ಲ.

ಎರಡನೆಯದು ಹಾಸನಕ್ಕೆ ಹೋಗಿ ಶಿರಾಡಿ ಘಾಟಿ ತೆರೆಯಲಿ ಅಂತ ಕಾಯುವುದು. ಶಿರಾಡಿ 2015ರಲ್ಲಿ, ಮತ್ತೆ 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆ ತಿಂಗಳುಗಟ್ಟಲೆ ಮುಚ್ಚಿತ್ತು. ಆ 2018ರ ಆಗಸ್ಟ್‌ನಲ್ಲಿ ಗುಡ್ಡವೂ ಕುಸಿಯಿತು. ನಮಗೆ ಹಾಸನದ ತೊಂದರೆ ಬೇರೆ: ಅಲ್ಲಿ ಬಂದ್ ಅಂತ ಗೊತ್ತಾದ ಮೇಲೆ ಬೇರೆ ಭಾರಿ ಗಾಡಿ ದಾರಿ ಹತ್ತಿರ ಇಲ್ಲ. ಚಾರ್ಮಾಡಿಯನ್ನು ನಂಬುವಂತಿಲ್ಲ, 2019ರ ಕುಸಿತದ ನಂತರ ಅಲ್ಲಿ ಭಾರಿ ವಾಹನಕ್ಕೆ ನಿರ್ಬಂಧ.

ಮೂರನೆಯದು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ ದಾರಿ. ರಸ್ತೆ ಅಗಲ, ಡ್ರೈವರಿಗೆ ಸಲೀಸು, ಆದರೆ 500 ದಾಟುತ್ತದೆ. ಚಳಗೇರಿ, ಬಂಕಾಪುರ ಟೋಲ್ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೇ ಬಿದ್ದಾಗ ಅರಬೈಲ್ ಇಳಿದ ಗಾಡಿ ದಕ್ಷಿಣಕ್ಕೆ ಬರುವಂತಿರಲಿಲ್ಲ. ಆ ದಿನಗಳಲ್ಲಿ ‘ಶಿರೂರು ಬಂದ್’ ಅಂತ ಕೇಳಿ ಬೈಂದೂರಿನ ಶಿರೂರು ಅಂದುಕೊಂಡು ಗೇರುಸೊಪ್ಪದ ಲೋಡನ್ನೂ ನಿಲ್ಲಿಸಿದವರಿದ್ದಾರೆ. ಎರಡೂ ಅದೇ ಹೆದ್ದಾರಿಯ ಮೇಲಿವೆ. ಅಂಕೋಲಾದ್ದು ಹೊನ್ನಾವರಕ್ಕಿಂತ ಉತ್ತರಕ್ಕೆ, ಆದ್ದರಿಂದ ನಮ್ಮ ದಾರಿಗೆ ಅಡ್ಡವೇ ಅಲ್ಲ. ಬಂದ್ ಅಂದರೆ ಊರಿನ ಹೆಸರು ಸಾಲದು, ತಾಲ್ಲೂಕು ಕೇಳಿ.

ಜಿಲ್ಲಾಧಿಕಾರಿಯ ಆದೇಶ ಓದುವುದಕ್ಕೂ ಒಂದು ರೀತಿ ಇದೆ. ಮೋಟಾರು ವಾಹನ ಕಾಯ್ದೆಯ ಕಲಂ 115ರ ಕೆಳಗೆ ಬರುವ ಆದೇಶದಲ್ಲಿ ‘ಭಾರಿ ವಾಹನ’ ಅಂದರೆ ಏನು ಅನ್ನುವುದು ಪ್ರತಿ ಸಲವೂ ಬೇರೆ. ಒಮ್ಮೆ ಟನ್ ಲೆಕ್ಕ, ಒಮ್ಮೆ ಗಾಲಿ ಲೆಕ್ಕ, ಒಮ್ಮೆ ಬುಲೆಟ್ ಟ್ಯಾಂಕರ್ (ಗ್ಯಾಸ್ ಗಾಡಿ), ಲಾಂಗ್ ಚಾಸಿ (ಉದ್ದ ಗಾಡಿ), ಕಂಟೇನರ್ ಅಂತ ಪಟ್ಟಿ. ಟನ್ ಅಂದಿದ್ದರೆ ಅದು ಗಾಡಿ ಸೇರಿದ ಒಟ್ಟು ತೂಕವೋ ಮಾಲಿನದ್ದೋ ನೋಡಿ. ಹತ್ತು ಗಾಲಿಗೆ ಒಟ್ಟು 28.5 ಟನ್ ಅಂತ ಆರ್‌ಸಿಯಲ್ಲೇ ಇರುತ್ತದೆ. ಇನ್ನೊಂದು, ಘಾಟಿ ಎರಡು ಜಿಲ್ಲೆಯದ್ದು. ಹುಲಿಕಲ್, ಆಗುಂಬೆಗೆ ಶಿವಮೊಗ್ಗ ಮತ್ತು ಉಡುಪಿ, ಗೇರುಸೊಪ್ಪದಲ್ಲಿ ಘಾಟಿ ಉತ್ತರ ಕನ್ನಡದ್ದು, ಅದಕ್ಕೆ ಹತ್ತುವ ಸಾಗರದ ದಾರಿ ಶಿವಮೊಗ್ಗದ್ದು. ಮೇಲಿನ ಜಿಲ್ಲೆ ತೆರೆದು ಕೆಳಗಿನದ್ದು ಮುಚ್ಚಿಯೇ ಇದ್ದರೆ ಗಾಡಿ ಅರ್ಧ ಘಾಟಿಯಲ್ಲಿ ತಿರುಗಬೇಕು. ಎರಡೂ ಆದೇಶದ ಪ್ರತಿ ಡ್ರೈವರ್ ಮೊಬೈಲಿನಲ್ಲಿರಲಿ. ಬಸ್ ಡ್ರೈವರ್ ‘ರೋಡ್ ಓಪನ್ ಐತೆ’ ಅಂದರೆ ಅದು ಬಸ್ಸಿಗೆ ಓಪನ್, ಅಷ್ಟೇ.

ಈ ಪದ್ಧತಿಯ ಗಂಟು ಇರುವುದು ಹೊನ್ನಾಳಿಯಲ್ಲಿ. ಅಲ್ಲಿಯವರೆಗೆ ಎರಡೂ ದಾರಿ ಒಂದೇ. ಶಿವಮೊಗ್ಗದ ಕಡೆ ಹೋದರೆ ಹುಲಿಕಲ್, ಶಿಕಾರಿಪುರದ ಕಡೆ ಹೋದರೆ ಗೇರುಸೊಪ್ಪ. ತೀರ್ಮಾನ ಅಲ್ಲೇ ಆಗಬೇಕು. ತೀರ್ಥಹಳ್ಳಿ ಮುಟ್ಟಿ ವಾಪಸ್ ಬಂದರೆ ಶಿವಮೊಗ್ಗಕ್ಕೆ 60 ಕಿ.ಮೀ. ದಂಡ. ನಸುಕಿನ ಮೂರಕ್ಕೆ ದಾವಣಗೆರೆ ಬಿಟ್ಟರೆ ಐದರೊಳಗೆ ಹೊನ್ನಾಳಿ, ಒಂಬತ್ತರ ಸುಮಾರಿಗೆ ಸಾಗರ, ಬೆಳಕಿದ್ದಾಗಲೇ ಘಾಟಿ, ಸಂಜೆಯೊಳಗೆ ಮಂಗಳೂರಿನ ಬೈಕಂಪಾಡಿ. ಹೊನ್ನಾಳಿಯಿಂದ ಆ ಹೊತ್ತಿನಲ್ಲಿ ಯಾರಿಗೆ ಫೋನ್ ಹೋಗುತ್ತದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ, ಅದು ನಮ್ಮ ಹೊಟ್ಟೆಪಾಡು. ಗೇರುಸೊಪ್ಪವೂ ಮಣ್ಣು ಬಿದ್ದು ನಿಂತದ್ದುಂಟು. ಆದರೆ ಸಾಗರದಲ್ಲಿ ಒಂದು ರಾತ್ರಿ ನಿಂತರೂ ಲೆಕ್ಕ ತಪ್ಪುವುದಿಲ್ಲ, ಎರಡು ರಾತ್ರಿಯಾದರೆ ಲಾಭ ಹೋಯಿತು.

ಬಂದ್ ಹೊತ್ತಿನಲ್ಲಿ ಟನ್ನಿಗೆ 1,200 ಇದ್ದ ಬಾಡಿಗೆ 1,700ಕ್ಕೆ ಹೋಗುತ್ತದೆ. ನಿಜವಾದ ಲಾಭ ವಾಪಸ್ ಲೋಡಿನಲ್ಲಿ. ಬೈಕಂಪಾಡಿಯಿಂದ ಗೊಬ್ಬರ ಸಿಗುವ ಪಣಂಬೂರು ಪಕ್ಕದಲ್ಲೇ, ಜೂನ್–ಜುಲೈಯಲ್ಲಿ ನಮ್ಮ ಕಡೆ ಗೊಬ್ಬರಕ್ಕೆ ಹಾಹಾಕಾರ. ಇಲ್ಲಿ ಎಡವುವುದು ಇ-ವೇ ಬಿಲ್ಲಿನಲ್ಲಿ, ಅಂದರೆ ಮಾಲು ಸಾಗಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಡಿಸುವ ರಹದಾರಿಯಲ್ಲಿ. 25 ಕೆ.ಜಿ. ಮೀರಿದ ಅಕ್ಕಿ ಚೀಲಕ್ಕೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಡ, ಹಾಗಾಗಿ ಹೋಗುವಾಗ ಯಾರಿಗೂ ಇದರ ನೆನಪಿರುವುದಿಲ್ಲ. ಗೊಬ್ಬರಕ್ಕೆ ಬೇಕು. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ. ಪೋರ್ಟಲ್ ಪಿನ್‌ಕೋಡ್ ನೋಡಿ ನೇರ ದಾರಿಯ ದೂರ ಹಾಕುತ್ತದೆ, ಅದರ ಮೇಲೆ ಹತ್ತು ಪರ್ಸೆಂಟ್ ಮಾತ್ರ ಏರಿಸಬಹುದು. ಅಂದರೆ 420 ಓಡಿದರೂ ಸಿಗುವುದು ಎರಡೇ ದಿನ. ಮಳೆ ಬಂದರೆ ಲೋಡಿಂಗ್ ನಿಲ್ಲುತ್ತದೆ, ಕ್ಯೂನಲ್ಲೇ ಒಂದೂವರೆ ದಿನ ಹೋಗುತ್ತದೆ. ಅವಧಿ ಶುರುವಾಗುವುದು ಪಾರ್ಟ್ ಬಿಯಲ್ಲಿ ಗಾಡಿ ನಂಬರ್ ಹಾಕಿದಾಗ. ಆದ್ದರಿಂದ ಮಾಲಿನ ವಿವರ ಇರುವ ಪಾರ್ಟ್ ಎ ಮಾತ್ರ ಮೊದಲೇ ಮಾಡಿಸಿ, ತಾಡಪಾಲಿನ ಹಗ್ಗ ಬಿಗಿದ ಮೇಲೆ ಪಾರ್ಟ್ ಬಿ ಹಾಕಿಸಿ. ಆದರೂ ಅವಧಿ ಮುಗಿಯುವ ಹಾಗಿದ್ದರೆ, ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆಯವರೆಗೆ ವಿಸ್ತರಿಸಿಕೊಳ್ಳಬಹುದು. ಕಾರಣ ನೈಸರ್ಗಿಕ ವಿಕೋಪ, ಜೊತೆಗೆ ಘಾಟಿ ಬಂದ್ ಆದೇಶ.

ಗೊಬ್ಬರ ತಂದ ಗಾಡಿಗೆ ಅಕ್ಕಿ ಗಿರಣಿಯವರು ವಾಸನೆ ನೋಡಿ ಬೇಡ ಅನ್ನುತ್ತಾರೆ. ತೊಳೆದರೆ ಹಲಗೆ ಮಳೆಗಾಲದಲ್ಲಿ ಒಣಗಲು ಒಂದು ದಿನ, ಅಂದರೆ ಮತ್ತೆ ನಾಲ್ಕು ಸಾವಿರ. ಸುಣ್ಣದ ಪುಡಿ, ಭತ್ತದ ಹೊಟ್ಟು, ಬೇವಿನ ಸೊಪ್ಪು ಎಲ್ಲ ಹಾಕಿ ನೋಡಿದ್ದಾಯಿತು. ಹೊಟ್ಟು ತೇವ ಹೀರುತ್ತದೆ, ವಾಸನೆ ಬಿಡಿಸುವುದಿಲ್ಲ. ಕೊನೆಗೆ ನಿಂತದ್ದು ಗೊಬ್ಬರದ ಕೆಳಗೆ ಮತ್ತು ಪಕ್ಕಕ್ಕೆ ಎರಡಡಿ ಏರುವಂತೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ. ಸಾವಿರದ ಐನೂರಕ್ಕೆ ನಾಲ್ಕು ಟ್ರಿಪ್ ಬಾಳುತ್ತದೆ. ಮೂಲೆಯಲ್ಲಿ ಹಾಳೆ ಕತ್ತರಿಸಬೇಡಿ, ಮಡಚಿ. ಯೂರಿಯಾ ನೀರು ಇಳಿಯುವುದೇ ಮೂಲೆಯಲ್ಲಿ.

ಆರು ಗಾಲಿಯಲ್ಲಿ ಹತ್ತು ಟನ್ ಹಾಕಿ ನಾಗೋಡಿ–ಕೊಲ್ಲೂರು ಘಾಟಿ ಇಳಿಸುವ ಪ್ರಯೋಗವೂ ನಡೆದಿದೆ. ಗಾಡಿ ಇಳಿಯುತ್ತದೆ, ದಾರಿ ಹತ್ತಿರ, ಆದರೆ ಹತ್ತು ಟನ್ನಿಗೆ ಕಂತು, ಬಾಟಾ ಕಳೆದರೆ ಉಳಿಯುವುದು ಚಹಾ ಖರ್ಚು.