ಉಗುರಿನ ಫಂಗಸ್: ಹಚ್ಚುವ ಮದ್ದು ಫಲ ಕೊಡಬೇಕಾದರೆ

ಕಾಲಿನ ಹೆಬ್ಬೆರಳ ಉಗುರು ಹಳದಿಗಟ್ಟಿ, ದಪ್ಪವಾಗಿ, ಅಂಚಿನಲ್ಲಿ ಪುಡಿಯಾಗಿ ಉದುರುತ್ತಿದ್ದರೆ ಅದು ಫಂಗಸ್ ಇರಬಹುದು. ಇರಬಹುದು, ಅಷ್ಟೇ. ಸೋರಿಯಾಸಿಸ್ ಎಂಬ ಚರ್ಮರೋಗದಲ್ಲೂ, ಬಿಗಿ ಶೂ ಒತ್ತಿದಾಗಲೂ ಉಗುರು ಹೀಗೇ ಕೆಡುತ್ತದೆ. ಮೊದಲು ಚರ್ಮವೈದ್ಯರಿಗೆ ತೋರಿಸಿ. ಉಗುರಿನ ಚೂರು, ಅದರಡಿಯ ಪುಡಿ ತೆಗೆದು ಕೆಓಎಚ್ ಪರೀಕ್ಷೆ (ಫಂಗಸ್ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸುತ್ತಾರೆ. ತಿಂಗಳುಗಟ್ಟಲೆ ಹಚ್ಚಬೇಕಾದ ಮದ್ದು. ಹಾಗಾಗಿ ಪರೀಕ್ಷೆಯ ಈ ಖರ್ಚು ದಂಡವಲ್ಲ.

ಒಂದೆರಡು ಉಗುರಿನ ತುದಿ ಮಾತ್ರ ಕೆಟ್ಟು ಬುಡ ಚೆನ್ನಾಗಿದ್ದರೆ ಹಚ್ಚುವ ಮದ್ದು ಸಾಕಾಗಬಹುದು. ಬುಡಕ್ಕೇ ಇಳಿದಿದ್ದರೆ ಸಾಮಾನ್ಯವಾಗಿ ಟರ್ಬಿನಾಫಿನ್‌ನಂಥ ಮಾತ್ರೆ ಬೇಕು. ಅದಕ್ಕೆ ಮುಂಚೆ ಲಿವರ್ ಪರೀಕ್ಷೆ ಮಾಡಿಸುವುದುಂಟು.

ವೈದ್ಯರು ಶೇ 5ರ ಅಮೊರೊಲ್ಫಿನ್ ಲ್ಯಾಕರ್ ಬರೆದುಕೊಟ್ಟರೆನ್ನಿ. ನೇಲ್ ಪಾಲಿಷ್‌ನಂತೆ ಬಳಿಯುವ ಇದನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ಹಚ್ಚಬೇಕು. ಮೊದಲು ಸಡಿಲವಾದ ಉಗುರನ್ನು ಕತ್ತರಿಸಿ. ನಂತರ ನೇಲ್ ಫೈಲಿನಿಂದ ಮೇಲ್ಮೈ ಉಜ್ಜಿ, ಹೊಳಪು ಹೋಗಿ ಒರಟಾಗುವವರೆಗೆ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ದಪ್ಪ ಉಗುರಿನ ಮೇಲೆ ಹಾಗೇ ಬಳಿದರೆ ಹೆಂಚಿನ ಮೇಲೆ ಮಳೆ ಸುರಿದಂತೆ, ಒಳಗಿರುವ ಫಂಗಸ್‌ಗೆ ಮದ್ದು ತಾಗುವುದೇ ಇಲ್ಲ. ಪುಡಿ ಕಾಗದದ ಮೇಲೆ ಬೀಳಲಿ, ಮಡಚಿ ಕಸಕ್ಕೆ ಹಾಕಿ. ಆ ಫೈಲು ಒಳ್ಳೆಯ ಉಗುರಿಗೆ ತಾಗಕೂಡದು, ಮನೆಯ ಬೇರೆಯವರಿಗಂತೂ ಬೇಡವೇ ಬೇಡ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಇಡೀ ಉಗುರಿಗೆ ತೆಳ್ಳಗೆ ಬಳಿದು, ಐದು ನಿಮಿಷ ಒಣಗಲು ಬಿಡಿ. ಮುಂದಿನ ವಾರ ಹಳೆಯ ಪದರ ತೆಗೆದು ಮತ್ತೆ ಇದೇ ಕ್ರಮ. ಶೇ 8ರ ಸಿಕ್ಲೊಪಿರಾಕ್ಸ್ ಲ್ಯಾಕರ್ ಆದರೆ ಲೆಕ್ಕ ಬೇರೆ: ದಿನಾ ಹಚ್ಚಿ, ವಾರಕ್ಕೊಮ್ಮೆ ಸ್ಪಿರಿಟ್‌ನಿಂದ ತೆಗೆಯಬೇಕು.

ಹಾಳಾದ ಭಾಗ ಮತ್ತೆ ಸರಿಹೋಗುವುದಿಲ್ಲ, ಬೆಳೆದು ಕತ್ತರಿಸಿಹೋಗಬೇಕು. ಕಾಲುಗುರು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದೂವರೆ ಮಿಲಿಮೀಟರ್. ಹಾಗಾಗಿ ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ತುದಿ ನೋಡಿ ಬೇಸರಪಡಬೇಡಿ. ಬುಡದಿಂದ ಶುಭ್ರ ಉಗುರು ಮೇಲೆ ಬರುತ್ತಿದೆಯೇ, ಅದನ್ನು ನೋಡಿ. ಮೂರು ತಿಂಗಳಾದರೂ ಏನೂ ಕಾಣದಿದ್ದರೆ ವೈದ್ಯರಲ್ಲಿಗೆ ಮರಳಿ ಹೋಗಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಕ್ರೀಮು ಬೇಡ, ಅದು ಫಂಗಸ್‌ಗೇ ಅನುಕೂಲ. ಬೆರಳ ಸಂದಿ ಬೆಳ್ಳಗೆ ನೆಂದು ತುರಿಸುತ್ತಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಇಲ್ಲವಾದರೆ ಸೋಂಕು ಅಲ್ಲಿಂದ ಉಗುರಿಗೆ ವಾಪಸು. ಮಳೆಗಾಲದಲ್ಲಿ ಗಂಬೂಟು ಹಾಕಿ ತೋಟದಲ್ಲಿ ದುಡಿಯುವವರು ಸಂಜೆ ಅದನ್ನು ಒಣಗಲು ಬಿಡಬೇಕು. ಶುಗರ್ ಇದ್ದು ಪಾದ ಜೋಮುಗಟ್ಟುವವರು ಮಾತ್ರ ಉಜ್ಜುವುದು, ಕತ್ತರಿಸುವುದು ಯಾವುದನ್ನೂ ತಾವೇ ಮಾಡಿಕೊಳ್ಳಬಾರದು.