ರೈಫಲ್ ಗುರಿ ತಪ್ಪುತ್ತಿತ್ತು, ಕಾರಣ ಒಂದು ಸ್ಕ್ರೂ
ಕೊಲರಾಡೋದಲ್ಲಿ ಅಕ್ಟೋಬರ್‌ನ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಎರಡೇ ವಾರ ಇತ್ತು. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ 100 ಗಜಕ್ಕೆ ಗುರಿ ಇಟ್ಟರೆ ಗುಂಡು ಒಮ್ಮೆ 4 ಇಂಚು ಎಡಕ್ಕೆ, ಇನ್ನೊಮ್ಮೆ ಮೇಲಕ್ಕೆ. ಸ್ಕೋಪ್ (ರೈಫಲ್ ಮೇಲಿನ ಗುರಿ ನೋಡುವ ದುರ್ಬೀನು) ಸರಿಮಾಡುತ್ತಾ ಒಂದು ಡಬ್ಬಿ ಗುಂಡು ಸುಮ್ನೆ ಖಾಲಿಯಾಯಿತು.

ನಮ್ಮ ಜೊತೆ ಕ್ಯಾಂಪಿಗೆ ಬರುವ ಹಿರಿಯರೊಬ್ಬರು ನೋಡಿ, "ಸ್ಕೋಪ್ ಬಿಡು, ಅದು ಕೂತಿರೋ ಬೇಸ್ ನೋಡು" ಅಂದರು. ಅವರು ಹೇಳಿದ್ದೇ ಸರಿ. ಸ್ಕೋಪನ್ನು ಹಿಡಿದಿಡುವ ರಿಂಗ್ ಬಿಚ್ಚಿದರೆ ಕೆಳಗಿನ ಬೇಸಿನ ಒಂದು ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು! ಗುಡ್ಡದ ರಸ್ತೆಯಲ್ಲಿ ಪಿಕಪ್ ಕುಲುಕಿದ್ದಕ್ಕೇ ಇರಬೇಕು.

ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಎಲ್ಲ ಬಿಚ್ಚಿ, ಸ್ಕ್ರೂ ಮತ್ತು ತೂತುಗಳಲ್ಲಿದ್ದ ಎಣ್ಣೆಯನ್ನು ಆಲ್ಕೋಹಾಲ್‌ನಲ್ಲಿ ಒರೆಸಿ, ಬೇಸಿನ ಸ್ಕ್ರೂಗಳಿಗೆ ಮಾತ್ರ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಹಾಕಿದೆ. ಕೆಂಪು ಬೇಡ, ಆಮೇಲೆ ಬಿಸಿ ಮಾಡದೆ ಬಿಚ್ಚುವುದು ಕಷ್ಟ. ರಿಂಗ್ ಸ್ಕ್ರೂಗಳನ್ನು ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ನನ್ನದಕ್ಕೆ 18 ಇಂಚ್-ಪೌಂಡ್, ನಿಮ್ಮದಕ್ಕೆ ತಯಾರಕರು ಹೇಳಿದಷ್ಟೇ. ಜಾಸ್ತಿ ಬಿಗಿದರೆ ಸ್ಕೋಪಿನ ಕೊಳವೆ ನಜ್ಜಾಗುತ್ತದೆ.

ಒಂದು ದಿನ ಬಿಟ್ಟು ರೇಂಜಿಗೆ ಹೋದೆ. ಮೂರು ಗುಂಡು, ಒಂದೂವರೆ ಇಂಚಿನೊಳಗೆ. ಎಷ್ಟು ಸಮಾಧಾನ ಆಯಿತು ಅಂದರೆ! ಪ್ರಾಣಿ ಗಾಯಗೊಂಡು ಓಡಿ ಎಲ್ಲೋ ನರಳಬಾರದು ಅಲ್ವಾ? ಈಗ ಪ್ರತಿ ಸ್ಕ್ರೂ ಮೇಲೆ ಪೇಂಟ್ ಪೆನ್ನಿನ ಗೆರೆ ಇದೆ. ಕ್ಯಾಂಪ್ ತಲುಪಿದ ಕೂಡಲೇ ಗೆರೆ ಕದಲಿದೆಯಾ ಅಂತ ನೋಡುತ್ತೇನೆ.